ಮೊದಲನೆಯ ಚಿತ್ರ

ಕಳೆದ ತಿಂಗಳು ಹಳೆಯ ಸಹೋದ್ಯೋಗಿಯೊಬ್ಬರ ಮೊಮ್ಮಗಳ ಮದುವೆಗೆಂದು ಚಿಕ್ಕಬಳ್ಳಾಪುರಕ್ಕೆ ಹೋಗಿದ್ದೆ. ಊಟದ ಹಾಲ್‌ನ ಪಕ್ಕದಲ್ಲಿ ಒಂದು ಮೇಜಿನ ಸುತ್ತ ಮಕ್ಕಳು ಮುತ್ತಿಕೊಂಡಿದ್ದರು. ಒಬ್ಬ ಹುಡುಗ ಬಟ್ಟಲಿಗೆ ಬಿಸ್ಕತ್ತು ಹಾಕಿ ಅದರ ಮೇಲೆ ನೀರಿನಂಥದ್ದೇನೋ ಸುರಿಯುತ್ತಿದ್ದ. ಬೆಳ್ಳನೆಯ ಹೊಗೆ ಎದ್ದು ಮೇಜಿನ ಅಂಚಿನಿಂದ ನೆಲಕ್ಕೆ ಇಳಿಯುತ್ತಿತ್ತು. ಆ ಬಿಸ್ಕತ್ತನ್ನು ಬಾಯಿಗೆ ಹಾಕಿಕೊಂಡ ಮಕ್ಕಳ ಮೂಗಿನಿಂದಲೂ ಹೊಗೆ. "ತಾತ, ನೀವೂ ತಗೊಳಿ, ಸಕ್ಕತ್ತಾಗಿರುತ್ತೆ!" ಎಂದು ಒಂದು ಹುಡುಗಿ ಬಟ್ಟಲು ಚಾಚಿದಳು.

ಮೇಲಕ್ಕೇಳದೆ ಕೆಳಕ್ಕೆ ಹರಿಯುವ ಆ ಹೊಗೆ ನನಗೆ ಗೊತ್ತಿತ್ತು. ದ್ರವ ಸಾರಜನಕದ್ದು. ಒಂದು ಕಾಲದಲ್ಲಿ ವಾರಕ್ಕೆರಡು ಸಲ ಅದನ್ನು ಕ್ಯಾನಿನಲ್ಲಿ ತುಂಬಿಸಿ, ಸ್ಕೂಟರಿನ ಕಾಲ ಬಳಿ ಇಟ್ಟುಕೊಂಡು ಶಿಡ್ಲಘಟ್ಟದ ಬೀದಿಗಳಲ್ಲಿ ಬರುತ್ತಿದ್ದೆ. ಮದುವೆಮನೆಯಲ್ಲಿ ನಿಂತಿರಲಾಗಲಿಲ್ಲ. ಊಟಕ್ಕೂ ಕೂರದೆ ಹೊರಗೆ ಬಂದು ಬಸ್ಸು ಹತ್ತಿದೆ.

ತೊಂಬತ್ತರ ದಶಕದ ಆರಂಭದ ವರ್ಷಗಳು ಅವು. ನಾನು ಗೌರಿಬಿದನೂರಿನವನು, ಕೆಲಸ ರೇಷ್ಮೆ ಇಲಾಖೆಯಲ್ಲಿ. ಆಗ ಶಿಡ್ಲಘಟ್ಟದ ಬಿತ್ತನೆ ಕೋಠಿಗೆ, ಎಂದರೆ ಚಿಟ್ಟೆಗಳಿಂದ ಮೊಟ್ಟೆ ಇಡಿಸಿ ರೈತರಿಗೆ ಕೊಡುವ ಕಡೆಗೆ, ವರ್ಗವಾಗಿ ಬಂದಿದ್ದೆ. ಕೋಠಿಯ ಹಿಂದೆಯೇ ಕ್ವಾರ್ಟರ್ಸು. ಹೆಂಡತಿ ನಾಗರತ್ನ ಎಂಜಿನಿಯರಿಂಗ್ ಓದಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳು. ಕೆಂಚಾರ್ಲಹಳ್ಳಿಯ ಕೇರಿಯಲ್ಲಿ ಅಷ್ಟು ಓದಿದ ಮೊದಲ ಹೆಣ್ಣುಮಗಳು. ಅವಳ ತಾಯಿ ಮುನಿಯಮ್ಮ ಪರರ ಹಿಪ್ಪುನೇರಳೆ ತೋಟಗಳಲ್ಲಿ ಕಳೆ ಕಿತ್ತು, ಸೊಪ್ಪು ಹೊತ್ತು ಒಬ್ಬಳೇ ಮಗಳನ್ನು ಓದಿಸಿದ್ದರು. ರತ್ನ ಆ ವರ್ಷ ಕಾಲೇಜಿಗೆ ರಜೆ ಹಾಕಿ ಸಂಶೋಧನೆಗೆ ಸೇರಿದ್ದಳು. ಥೀಸಿಸ್ ಮುಗಿಯಲಿ, ಆಮೇಲೆ ಮಗು ಎಂದು ಇಬ್ಬರೂ ಮಾತಾಡಿಕೊಂಡಿದ್ದೆವು.

ಅವಳ ವಿಷಯ ಸ್ತನದ ಕ್ಯಾನ್ಸರು. ಮೈಯ ಶಾಖವನ್ನು ಚಿತ್ರ ಮಾಡುವ ಕ್ಯಾಮರಾದಿಂದ ಎದೆಯ ಚಿತ್ರ ತೆಗೆಯುವುದು, ಆ ಚಿತ್ರವನ್ನು ಕಂಪ್ಯೂಟರೇ ನೋಡಿ ಎಲ್ಲಿ ಅನುಮಾನವಿದೆ ಎಂದು ಹೇಳುವ ಹಾಗೆ ಮಾಡುವುದು. ಗೆಡ್ಡೆ ಬೆಳೆಯುವ ಕಡೆ ರಕ್ತದ ಓಡಾಟ ಹೆಚ್ಚು, ಹಾಗಾಗಿ ಅಲ್ಲಿ ಚರ್ಮ ಒಂದು ಚೂರು ಬೆಚ್ಚಗಿರುತ್ತದೆ. ಕೈಗೆ ತಿಳಿಯದ ಆ ಬಿಸಿ ಕ್ಯಾಮರಾಕ್ಕೆ ತಿಳಿಯುತ್ತದೆ. ಇಷ್ಟು ನನಗೆ ಅರ್ಥವಾಗುತ್ತಿತ್ತು.

ಈ ವಿಷಯವನ್ನು ಅವಳು ಯಾಕೆ ಹಿಡಿದಳು ಎನ್ನುವುದೂ ನನಗೆ ಗೊತ್ತಿತ್ತು. ಅವಳ ಚಿಕ್ಕಮ್ಮ, ಮುನಿಯಮ್ಮನವರ ತಂಗಿ, ಎದೆಯಲ್ಲಿ ಹುಣ್ಣಾಗಿ ಸತ್ತಿದ್ದರು. ಗಂಡಸು ಡಾಕ್ಟರು ಮುಟ್ಟುತ್ತಾನೆಂದು ಆಸ್ಪತ್ರೆಗೆ ಹೋಗಿರಲಿಲ್ಲ. ಅರಿಸಿನ ಬೇವು ಅರೆದು ಹಚ್ಚಿ, ಸೆರಗು ಬಿಗಿಯಾಗಿ ಹೊದ್ದು, ವಾಸನೆ ಮನೆತುಂಬ ಹರಡುವವರೆಗೂ ಯಾರಿಗೂ ಹೇಳಿರಲಿಲ್ಲ. ರತ್ನ ಆಗ ಹೈಸ್ಕೂಲಿನಲ್ಲಿದ್ದಳು. "ಮುಟ್ಟದೇನೇ ನೋಡೋ ಹಾಗಿದ್ದಿದ್ರೆ ಚಿನ್ನಮ್ಮ ಬರ್ತಿದ್ದಳು ಕಣ್ರೀ. ನನ್ ಮಾತು ಕೇಳಿ ಖಂಡಿತ ಬರ್ತಿದ್ದಳು" ಎನ್ನುತ್ತಿದ್ದಳು.

ಅವಳ ಗೈಡು ಬೆಂಗಳೂರಿನ ಪ್ರೊಫೆಸರು. ಹಳೆಯದೊಂದು ಕ್ಯಾಮರಾವನ್ನೂ ಒಂದು ಕಂಪ್ಯೂಟರನ್ನೂ ಒಂದು ವರ್ಷದ ಮಟ್ಟಿಗೆ ಕೊಡಿಸಿದ್ದರು. ಕ್ಯಾಮರಾದ ಕಣ್ಣು ತಣ್ಣಗಿದ್ದರೆ ಮಾತ್ರ ಅದಕ್ಕೆ ಬೇರೆಯವರ ಬಿಸಿ ಕಾಣುತ್ತದೆ. ಅದಕ್ಕಾಗಿ ಕ್ಯಾಮರಾದ ತಲೆಯ ಮೇಲಿನ ಬಟ್ಟಲಿಗೆ ದ್ರವ ಸಾರಜನಕ ಸುರಿಯಬೇಕು. ನಮ್ಮ ಕಡೆ ಅದು ಸಿಗುತ್ತಿದ್ದದ್ದು ಪಶು ಆಸ್ಪತ್ರೆಯಲ್ಲಿ. ಹಸುಗಳಿಗೆ ಕೊಡುವ ಹೋರಿಯ ವೀರ್ಯದ ಕಡ್ಡಿಗಳನ್ನು ಅದರಲ್ಲಿ ಮುಳುಗಿಸಿಡುತ್ತಾರೆ. ಅಲ್ಲಿನ ಕಾಂಪೌಂಡರು ನನ್ನ ಕ್ಯಾನಿಗೆ ಸುರಿಯುತ್ತಾ, "ನಮ್ ಹೋರಿಗೂ ನಿಮ್ ಮೇಡಂ ಕ್ಯಾಮರಾಗೂ ಒಂದೇ ಊಟ ನೋಡಿ ಸಾರ್" ಎಂದು ಪ್ರತಿಸಲವೂ ನಗುತ್ತಿದ್ದರು. ಮನೆಗೆ ಬಂದು ಹೇಳಿದರೆ ರತ್ನ ನನಗಿಂತ ಜೋರಾಗಿ ನಗುತ್ತಿದ್ದಳು.

ಇನ್ನು ಬೇಕಾಗಿದ್ದದ್ದು ಗಾಳಿಯಾಡದ, ತಣ್ಣಗಿನ, ಬಿಸಿ ಏರದ ಇಳಿಯದ ಒಂದು ಕೋಣೆ. ಶಿಡ್ಲಘಟ್ಟದಲ್ಲಿ ಅಂಥದ್ದು ಬಿತ್ತನೆ ಕೋಠಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಚಿಟ್ಟೆಗಳಿಗಾಗಿ ಕಟ್ಟಿದ್ದ ದಪ್ಪ ಗೋಡೆಯ ಕೋಣೆಗಳಲ್ಲಿ ಒಂದು ಖಾಲಿ ಬಿದ್ದಿತ್ತು. ಮೇಲಧಿಕಾರಿಗಳ ಒಪ್ಪಿಗೆ ಪಡೆದು ಸುಣ್ಣ ಹೊಡೆಸಿದೆ. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿಸಿದೆ. ಸರ್ಕಾರಿ ಆಸ್ಪತ್ರೆಯ ಲೇಡಿ ಡಾಕ್ಟರು ಭಾನುವಾರ ಬಂದು ಹೋಗಲು ಒಪ್ಪಿದರು. ಕ್ಯಾಮರಾ ಅನುಮಾನಪಟ್ಟವರನ್ನು ಅವರು ಕೈಯಿಂದ ಪರೀಕ್ಷಿಸುವುದು ಎಂದಾಯಿತು.

ಕ್ಯಾಮರಾ ಬಂದ ದಿನ ಸಂಕ್ರಾಂತಿ ಕಳೆದು ಸ್ವಲ್ಪ ದಿನವಾಗಿತ್ತು, ಚಳಿಯಿತ್ತು. ಯಂತ್ರ ಸರಿಯಾಗಿದೆಯೇ ನೋಡಲು ಯಾರಾದರೂ ಕೂರಬೇಕಲ್ಲ. ರತ್ನ ಬಾಗಿಲು ಹಾಕಿಕೊಂಡು ತಾನೇ ಕೂತು ತೆಗೆದುಕೊಂಡಳು. ಅದು ಮೊದಲನೆಯ ಚಿತ್ರ. ಅದನ್ನು ಬಣ್ಣದಲ್ಲಿ ಅಚ್ಚು ಹಾಕಿಸಿ ಕೋಣೆಯ ಗೋಡೆಗೆ ಅಂಟಿಸಿದಳು. ಮುಖವಿಲ್ಲ, ಕತ್ತಿನಿಂದ ಹೊಟ್ಟೆಯವರೆಗೆ ಹಸಿರು, ನೀಲಿ, ಅಲ್ಲಲ್ಲಿ ಹಳದಿ, ಕೆಂಪು.

ಊರಿನಲ್ಲಿ ಮನೆಮನೆಗೂ ರೇಷ್ಮೆ ರೀಲಿಂಗ್. ಬಿಸಿನೀರಿನ ಬಾಣಲೆಯಲ್ಲಿ ಗೂಡು ಕುದಿಸಿ ನೂಲು ಬಿಚ್ಚುವ ಹೆಂಗಸರನ್ನು ಕರೆತರಬೇಕೆಂದು ರತ್ನಳ ಆಸೆ. ಮೊದಲ ವಾರ ಒಬ್ಬರೂ ಬರಲಿಲ್ಲ. ಬಟ್ಟೆ ಬಿಚ್ಚಿಸಿ ಫೋಟೋ ಹಿಡಿಯುತ್ತಾರಂತೆ ಎಂದು ಸುದ್ದಿಯಾಗಿತ್ತು. ಎರಡನೆಯ ವಾರ ಕಮರುನ್ನೀಸಾ ಬಂದರು. ನಮ್ಮ ಹಿಂದಿನ ಬೀದಿಯಲ್ಲಿ ಗಂಡನ ಜೊತೆ ನೂಲು ಬಿಚ್ಚುವ ಚರಕ ನಡೆಸುತ್ತಿದ್ದ, ನಲವತ್ತರ ಆಸುಪಾಸಿನ, ಗಟ್ಟಿ ದನಿಯ ಹೆಂಗಸು. ಬುರ್ಖಾ ಎತ್ತಿ ಬಾಗಿಲಲ್ಲೇ ನಿಂತು ಜಗಳಕ್ಕೆ ಬಂದವರ ಹಾಗೆ ಕೇಳಿದರು: "ಏನ್ ಮೇಡಂ, ನಮ್ ಹೆಂಗಸ್ರು ಫೋಟೋ ತೆಗ್ದು ಯಾರಿಗ್ ತೋರಿಸ್ತೀರಾ ನೀವು?"

ರತ್ನ ಅವರನ್ನು ಒಳಗೆ ಕರೆದು ಗೋಡೆ ತೋರಿಸಿದಳಂತೆ. "ನೋಡಿ ಕಮರಮ್ಮ, ಇದು ನಂದು. ಎಲ್ರಿಗೂ ಕಾಣೋ ಹಾಗೆ ಗೋಡೆಗೇ ಅಂಟಿಸಿದ್ದೀನಿ. ಯಾರಿಗಾದ್ರೂ ಇದು ನಾನು ಅಂತ ಗೊತ್ತಾಗುತ್ತಾ?"

ಕಮರುನ್ನೀಸಾ ಮೂಗು ಅಂಟುವಷ್ಟು ಹತ್ತಿರ ಹೋಗಿ ನೋಡಿ, "ಯಾ ಅಲ್ಲಾ! ಇದು ಇಂಡಿಯಾ ಮ್ಯಾಪ್ ಥರ ಇದೆ!" ಎಂದು ನಕ್ಕರಂತೆ. ಆ ನಗು ಹೊರಗೆ ಮೊಟ್ಟೆ ಲೆಕ್ಕ ನೋಡುತ್ತಿದ್ದ ನನಗೂ ಕೇಳಿಸಿತು. ಮರುದಿನ ಅವರ ಹಿಂದೆ ಆರೇಳು ಹೆಂಗಸರು ಬಂದರು. ಆಮೇಲೆ ಬರುವವರಿಗೆ ಕೊರತೆಯಾಗಲಿಲ್ಲ. ಬಾಣಲೆಯಿಂದ ಎದ್ದು ಬಂದವರ ಮೈಯೆಲ್ಲ ಕಾದಿರುತ್ತಿತ್ತು. ಅವರು ರವಿಕೆ ತೆಗೆದು, ಸೊಂಟದ ಮೇಲೆ ಕೈಯಿಟ್ಟು, ಮೈ ತಣಿಯುವವರೆಗೆ ಬೆಂಚಿನ ಮೇಲೆ ಕೂತಿರಬೇಕು. ಕನ್ನಡ, ತೆಲುಗು, ಉರ್ದು ಎಲ್ಲ ಬೆರೆತ ಮಾತು, ನಗು ಗೋಡೆಯಾಚೆಯಿಂದ ಕೇಳುತ್ತಿತ್ತು. ದಿನದಲ್ಲಿ ಸುಮ್ಮನೆ ಕೂರಲು ಅವರಿಗೆ ಸಿಗುತ್ತಿದ್ದ ಹೊತ್ತು ಅದೊಂದೇ ಇರಬೇಕು.

ಚಿತ್ರಗಳನ್ನು ರತ್ನ ಮನೆಯ ಮುಂದಿನ ಕೋಣೆಯಲ್ಲಿದ್ದ ಕಂಪ್ಯೂಟರಿಗೆ ಹಾಕುತ್ತಿದ್ದಳು. ಅವಳು ಬರೆದ ಪ್ರೋಗ್ರಾಂ ಪ್ರತಿ ಚಿತ್ರವನ್ನೂ ಬಟ್ಟೆ ಮಡಚಿದ ಹಾಗೆ ನಡುವೆ ಮಡಚಿ, ಎಡಕ್ಕೂ ಬಲಕ್ಕೂ ಎಲ್ಲಿ ಹೊಂದುವುದಿಲ್ಲ ಎಂದು ನೋಡುತ್ತಿತ್ತು. ಹೊಂದದಿದ್ದರೆ ಚಿತ್ರದ ಸುತ್ತ ಕೆಂಪು ಚೌಕಟ್ಟು ಬೀಳುತ್ತಿತ್ತು.

ಯುಗಾದಿಯ ಹೊತ್ತಿಗೆ ಕಮರುನ್ನೀಸಾ ಅವರ ಚಿತ್ರಕ್ಕೆ ಕೆಂಪು ಬಿತ್ತು. ಲೇಡಿ ಡಾಕ್ಟರು ಒತ್ತಿ ನೋಡಿದರು. ಒಳಗಡೆ ಕಡಲೆಯಷ್ಟು ಗಟ್ಟಿ ಸಿಕ್ಕಿತು. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ರತ್ನಳೇ ಜೊತೆಯಲ್ಲಿ ಹೋದಳು. ಕ್ಯಾನ್ಸರೇ ಆಗಿತ್ತು, ಆದರೆ ಬೇಗ ಸಿಕ್ಕಿತ್ತು. ಒಂದು ಬದಿಯ ಸ್ತನ ತೆಗೆದರು. ಗಂಡ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ತಬ್ಬಿಕೊಂಡು ಅತ್ತರು. ಕಮರುನ್ನೀಸಾ ಮಾತ್ರ ಊರಿಗೆ ಬಂದ ಮೇಲೆ, "ಇನ್ನೇನ್ ಬಿಡಿ, ಮಕ್ಳು ಹಾಲು ಕುಡ್ದು ದೊಡ್ಡೋರಾದ್ರು, ಅದ್ರ ಕೆಲಸ ಮುಗೀತು" ಎಂದು ಮತ್ತೆ ಚರಕದ ಮುಂದೆ ಕೂತರು. ರತ್ನಳನ್ನು ಆ ದಿನಗಳಲ್ಲಿ ನೀವು ನೋಡಬೇಕಿತ್ತು. ನಡೆದರೆ ನೆಲ ಮುಟ್ಟುತ್ತಿರಲಿಲ್ಲ. ಮುನಿಯಮ್ಮನವರು ಊರಿನಿಂದ ಬಂದು, ಕಮರುನ್ನೀಸಾ ಅವರನ್ನು ಕಣ್ಣಾರೆ ನೋಡಿ, ಮಗಳ ಮುಖ ನೀವಿ ಲಟಿಕೆ ಮುರಿದು, "ನಾ ಬಂಗಾರು ತಲ್ಲಿ, ನನ್ನ ಬಂಗಾರದ ತಾಯಿ. ಮಿಷನ್ ಡಾಕ್ಟರಮ್ಮ" ಎಂದರು. ಕಂಪ್ಯೂಟರಿನ ಮುಂದೆಯೂ ಕೈ ಮುಗಿದರು.

ಆದರೆ ಪ್ರೊಫೆಸರಿಗೆ ಸಮಾಧಾನವಿರಲಿಲ್ಲ. ಪ್ರೋಗ್ರಾಂ ಏನೂ ಇಲ್ಲದವರಿಗೂ ಕೆಂಪು ಹಾಕುತ್ತಿತ್ತು. ಒಬ್ಬರಿಗೆ ಇದ್ದರೆ ಹತ್ತು ಮಂದಿ ಸುಮ್ಮಸುಮ್ಮನೆ ಹೆದರಿ ಅಳುತ್ತಿದ್ದರು. ಅದನ್ನು ಕಡಿಮೆ ಮಾಡದಿದ್ದರೆ ಥೀಸಿಸ್ ನಿಲ್ಲುವುದಿಲ್ಲ ಎಂದರು. ಅವರು ಹೇಳಿದ್ದು ಸರಿಯೇ ಇತ್ತು. ಹಾಗೆ ಸುಮ್ಮನೆ ಕೆಂಪು ಬೀಳುತ್ತಿದ್ದವುಗಳಲ್ಲಿ ಮೊದಲನೆಯ ಚಿತ್ರವೂ ಒಂದು.

"ನೋಡ್ರೀ ಇದರ ಹಣೆಬರಹ! ಬರೆದೋಳಿಗೇ ಕೆಂಪು ಹಾಕುತ್ತೆ" ಎಂದು ರತ್ನ ನಗುತ್ತಿದ್ದಳು. ಎಡಗಡೆ, ಮೇಲ್ಭಾಗದಲ್ಲಿ, ಕಂಕುಳಿನ ಕಡೆಗೆ ಹರಿದ ಒಂದು ಹಳದಿ ಗೆರೆ. ಅಲ್ಲೊಂದು ರಕ್ತನಾಳ ಚರ್ಮಕ್ಕೆ ಹತ್ತಿರ ಇದೆ, ಬಹಳ ಜನಕ್ಕೆ ಹಾಗಿರುತ್ತದೆ ಎಂದು ವಿವರಿಸಿದಳು.

"ಹೆಂಗಿದ್ರೂ ಭಾನುವಾರ ಡಾಕ್ಟರು ಬರ್ತಾರಲ್ಲ, ನೀನೂ ಒಂದ್ಸಲ ತೋರಿಸ್ಕೊಂಬಿಡು" ಎಂದೆ.

"ನಾನು ಅಳತೆಗೋಲು ಕಣ್ರೀ. ನನಗೆ ಏನೂ ಇಲ್ಲ ಅಂತಿಟ್ಕೊಂಡೇ ತಾನೆ ಮಿಕ್ಕೋರನ್ನ ಅಳೀತಿರೋದು!"

ಮತ್ತೊಂದು ಭಾನುವಾರವೂ ಹೇಳಿದೆ. ಅಂದು ಮೂವತ್ತು ಹೆಂಗಸರು ಬಂದಿದ್ದರು. ಡಾಕ್ಟರು ಕೈತೊಳೆದು ಹೊರಡುವಾಗ ರತ್ನ ಇನ್ನೂ ಒಳಗೆ ಚಿತ್ರ ತೆಗೆಯುತ್ತಿದ್ದಳು.

ಬೇಸಿಗೆ ಪೂರ್ತಿ ಅವಳು ಪ್ರೋಗ್ರಾಂ ತಿದ್ದಿದಳು. ಕೊನೆಗೆ ಒಂದು ನಿಯಮ ಸೇರಿಸಿದಳು: ಬಿಸಿ ಇರುವ ಜಾಗ ರಕ್ತನಾಳದ ದಾರಿಯಲ್ಲೇ ಹರಿದಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಆ ನಿಯಮ ಸೇರಿಸಿದ ದಿನ ಮೊದಲನೆಯ ಚಿತ್ರ ಕೆಂಪಿಲ್ಲದೆ ಬಂತು. ಅಡುಗೆಮನೆಗೆ ಓಡಿಹೋಗಿ ಈರುಳ್ಳಿ ಬಜ್ಜಿ ಕರಿದಳು. ಹೊರಗೆ ಮೊದಲ ಮಳೆ ಬೀಳುತ್ತಿತ್ತು. ಕೆಂಪು ಮಣ್ಣಿನ ವಾಸನೆ, ಅದರ ಹಿಂದೆ ಗೂಡು ಕುದಿಸುವ ವಾಸನೆ. ಇಬ್ಬರೂ ಬಾಗಿಲಲ್ಲಿ ಕೂತು ತಟ್ಟೆ ಖಾಲಿ ಮಾಡಿದೆವು. ಅಷ್ಟು ನಿಶ್ಚಿಂತೆಯಾಗಿ ನಾವಿಬ್ಬರೂ ಕೂತದ್ದು ಅದೇ ಕೊನೆ.

ಹೊಸ ನಿಯಮದಲ್ಲಿ ಎಲ್ಲ ಚಿತ್ರಗಳನ್ನೂ ಮೊದಲಿನಿಂದ ಮತ್ತೆ ನೋಡಿಸಬೇಕಿತ್ತು. ಕರೆಂಟು ಹೋಗಿ ಬಂದು ಮಾಡುತ್ತಿತ್ತು, ಕಂಪ್ಯೂಟರೂ ನಿಧಾನ. ವಾರಗಟ್ಟಲೆ ಹಿಡಿಯಿತು. ಶ್ರಾವಣದ ಒಂದು ಮಧ್ಯಾಹ್ನ ಊಟಕ್ಕೆಂದು ಕೋಠಿಯಿಂದ ಬಂದೆ. ಒಲೆ ಹಚ್ಚಿರಲಿಲ್ಲ. ರತ್ನ ಪರದೆಯ ಮುಂದೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು.

"ರೀ, ಕಮರಮ್ಮನ ಚಿತ್ರ" ಎಂದಳು. "ಆಪರೇಷನ್‌ಗೆ ಮುಂಚಿಂದು. ನೋಡಿ, ಕೆಂಪಿಲ್ಲ."

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಹೊಸ ನಿಯಮದ ಪ್ರಕಾರ ಅವರಿಗೇನೂ ಇಲ್ಲ. ಮನೆಗೆ ಕಳಿಸ್ಬಿಡ್ತಿದ್ದೆ. ಗೆಡ್ಡೆಗೂ ಊಟ ಬೇಕಲ್ವಾ, ಅದೂ ರಕ್ತನಾಳದ ದಾರೀಲೇ ತಾನೆ ತರಿಸ್ಕೊಳ್ಳೋದು? ಇಷ್ಟು ಹೊಳೀಲಿಲ್ಲ ನನಗೆ." ಅವಳ ದನಿ ಮೆಲ್ಲಗಿತ್ತು. "ಈ ನಿಯಮ ಇಟ್ಕೊಳ್ಳೋ ಹಾಗಿಲ್ಲ. ಕಮರಮ್ಮನಂಥೋರು ಸತ್ತೋಗ್ತಾರೆ."

ನನ್ನ ಕಣ್ಣೆದುರಿಗೇ ಅವಳು ಆ ನಿಯಮವನ್ನು ಅಳಿಸಿದಳು. ಕಮರುನ್ನೀಸಾ ಅವರ ಚಿತ್ರ ಮತ್ತೆ ಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ ಅದರ ಸುತ್ತ ಕೆಂಪು ಬಂತು. ಬೇಸಿಗೆಯ ದುಡಿಮೆಯೆಲ್ಲ ನೀರಿನಲ್ಲಿ ಹೋಮವಾಗಿತ್ತು. ಆದರೂ ಅವಳು ನಿರಾಳವಾಗಿ ಉಸಿರು ಬಿಟ್ಟಳು. ಆಮೇಲೆ ಮೊದಲನೆಯ ಚಿತ್ರವನ್ನು ಹಾಕಿದಳು. ಅದರ ಸುತ್ತಲೂ ಕೆಂಪು. ಎರಡನ್ನೂ ಅಕ್ಕಪಕ್ಕ ಇಟ್ಟಳು. ನನಗೆ ಚಿತ್ರ ಓದಲು ಬರುತ್ತಿರಲಿಲ್ಲ. ಆದರೂ ಒಂದರಲ್ಲಿ ಬಲಗಡೆ, ಇನ್ನೊಂದರಲ್ಲಿ ಎಡಗಡೆ, ಒಂದೇ ಥರದ ಹಳದಿ ಗೆರೆ ನನಗೂ ಕಂಡಿತು.

ರತ್ನ ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಳೆ ಹಂಚಿನ ಮೇಲೆ ಬೀಳುತ್ತಿತ್ತು. ಎಷ್ಟು ಹೊತ್ತಾಯಿತೋ ತಿಳಿಯದು. ಬಾಗಿಲು ತೆರೆದಾಗ ಸೆರಗನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು.

"ಇದೆ ರೀ" ಎಂದಳು. "ಕೈಗೇ ಸಿಗ್ತಿದೆ."

ಆಮೇಲಿನದನ್ನು ಉದ್ದ ಮಾಡಿ ಬರೆಯಲಾರೆ. ಮರುದಿನ ಬೆಳಿಗ್ಗೆ ಲೇಡಿ ಡಾಕ್ಟರು ನೋಡಿದರು. ಎದೆಯದಲ್ಲದೆ ಕಂಕುಳಲ್ಲೂ ಗಂಟು ಸಿಕ್ಕಿತು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು, ಔಷಧಿ ಏರಿಸಿದರು, ಕೂದಲು ಹೋಯಿತು. ದೀಪಾವಳಿ ಕಳೆದ ಮೇಲೆ ಬೆನ್ನುನೋವು ಶುರುವಾಯಿತು. ಮೂಳೆಗೆ ಹಬ್ಬಿದೆ ಎಂದರು. ಸಂಕ್ರಾಂತಿ ಕಳೆದ ಮೇಲೆ ಒಬ್ಬಳೇ ಕೂತು ನಗುನಗುತ್ತಾ ಚಿತ್ರ ತೆಗೆದುಕೊಂಡಿದ್ದಳಲ್ಲ, ಆಗಲೇ ಆಪರೇಷನ್ ಆಗಿದ್ದರೆ ಉಳಿಯುತ್ತಿದ್ದಳೇ ಎಂದು ಲೇಡಿ ಡಾಕ್ಟರನ್ನು ಒಮ್ಮೆ ಕೇಳಿದೆ. ಅವರು, "ಹೇಳಕ್ಕಾಗಲ್ಲ. ಅವರಿಗೆ ಬಂದಿದ್ದು ಬೇಗ ಓಡೋ ಜಾತಿದು. ನೀವು ಅದನ್ನೇ ಯೋಚನೆ ಮಾಡ್ಬೇಡಿ" ಎಂದರು. ಯೋಚಿಸದೆ ಇರುವುದು ನನ್ನ ಕೈಯಲ್ಲಿರಲಿಲ್ಲ. ರತ್ನಳ ಕೈಯಲ್ಲೂ ಇರಲಿಲ್ಲ.

ಮಿಷನ್ನು ಮೊಟ್ಟಮೊದಲು ನನ್ನನ್ನೇ ತೋರಿಸಿತ್ತು, ನಾನೇ ಅದರ ಬಾಯಿ ಮುಚ್ಚಿಸಿದೆ ಎಂದು ಒಂದು ಬೆಳಿಗ್ಗೆ ಗೋಡೆಯ ಕಡೆ ಮುಖ ಮಾಡಿಕೊಂಡು ಹೇಳಿದಳು. ಕಮರುನ್ನೀಸಾ ಆಗ ಅಲ್ಲೇ ಇದ್ದರು. ದಿನಾ ಬೆಳಿಗ್ಗೆ ಚರಕ ಶುರುವಾಗುವ ಮುಂಚೆ ಬಂದು ರತ್ನಳ ಮೈ ಒರೆಸಿ, ಬಟ್ಟೆ ಬದಲಿಸಿ ಹೋಗುತ್ತಿದ್ದರು. ಬಿಸಿನೀರಿನಲ್ಲಿ ಬೆಂದು ಸುಲಿದ ಬೆರಳುಗಳಿಂದ ಅವಳ ಬೆನ್ನು ನೀವುತ್ತಾ, "ನೀವು ಬಾಯಿ ಮುಚ್ಚಿಸಿದ್ದು ನಿಮ್ದಕ್ಕೆ. ನಂದಕ್ಕೋಸ್ಕರ ಬಾಯಿ ಬಿಡಿಸಿದ್ರಲ್ಲ ಮೇಡಂ, ಅದನ್ನೂ ಹೇಳ್ಕೊಳ್ಳಿ" ಎಂದರು. ರತ್ನ ತಿರುಗಿ ಅವರ ಮಡಿಲಲ್ಲಿ ತಲೆಯಿಟ್ಟಳು. ನಾನು ಹೊರಗೆ ಹೋದೆ.

ಕೂರಲು ಆಗುತ್ತಿದ್ದಷ್ಟು ದಿನ ರತ್ನ ಪ್ರೊಫೆಸರಿಗೆ ಕೊಡಬೇಕಾದ ವರದಿ ಬರೆದಳು. ನಿಯಮ ಸೇರಿಸಿದ್ದು, ಅದು ತಪ್ಪೆಂದು ಕಂಡದ್ದು, ತೆಗೆದದ್ದು, ಯಾವುದನ್ನೂ ಬಿಡಲಿಲ್ಲ. ಮೊದಲನೆಯ ಚಿತ್ರದ ಕೆಳಗಿದ್ದ 'ಆರೋಗ್ಯವಂತೆ' ಎಂಬ ಮಾತನ್ನು ಹೊಡೆದುಹಾಕಿ ರೋಗದ ಹೆಸರು ಬರೆದಳು.

ಹಿಪ್ಪುನೇರಳೆ ಚಿಗುರುವ ಕಾಲಕ್ಕೆ ಅವಳು ಹೋದಳು. ಮನೆಯಲ್ಲೇ, ಬೆಳಿಗ್ಗೆ ಹತ್ತರ ಸುಮಾರಿಗೆ, ಅವಳ ತಾಯಿಯ ಕೈಯಿಂದ ಎರಡು ಚಮಚ ಗಂಜಿ ಕುಡಿದ ಮೇಲೆ. ನಮ್ಮದು ಬುದ್ಧನನ್ನು ನಂಬಿದ ಮನೆ. ದೊಡ್ಡ ಕರ್ಮಾಂತರಗಳಿಲ್ಲ. ನಮ್ಮ ತಂದೆ ಗೌರಿಬಿದನೂರಿನಿಂದ ಬಂದು ತ್ರಿಶರಣ ಹೇಳಿದರು. ರೀಲಿಂಗ್ ಹೆಂಗಸರು ಬೀದಿಯ ಎರಡೂ ಬದಿಗೆ ನಿಂತಿದ್ದರು. ಕೆಲವರ ಕೈಯಲ್ಲಿ ನೀರು ಇನ್ನೂ ಆರಿರಲಿಲ್ಲ.

ಹದಿನೈದು ದಿನದ ಒಳಗೆ ಕ್ಯಾಮರಾ ಒಯ್ಯಲು ಬೆಂಗಳೂರಿನಿಂದ ವ್ಯಾನು ಬಂತು. ಪ್ರೊಫೆಸರೂ ಬಂದಿದ್ದರು. ಈ ವಿಧಾನವನ್ನು ಯಾರೂ ಈಗ ಅಷ್ಟಾಗಿ ನಂಬುತ್ತಿಲ್ಲ, ಮುಂದುವರಿಸುವುದು ಕಷ್ಟ ಎಂದು ತಲೆ ತಗ್ಗಿಸಿ ಹೇಳಿದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಇಬ್ಬರು ಆಳುಗಳು ಕ್ಯಾಮರಾವನ್ನು ಕಂಬಳಿಯಲ್ಲಿ ಸುತ್ತಿ ಹೊರಗೆ ತಂದರು. ಮುನಿಯಮ್ಮ ಜಗುಲಿಯ ಮೇಲೆ ಕೂತಿದ್ದರು, ಪಕ್ಕದಲ್ಲಿ ಕಮರುನ್ನೀಸಾ. ವ್ಯಾನು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಮುನಿಯಮ್ಮ ಅದನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಊರೋರ್ದೆಲ್ಲಾ ನೋಡ್ತಲ್ಲಪ್ಪಾ ಅದು. ಈಯಮ್ಮನ್ನ ಉಳಿಸ್ತು. ಅನ್ನ ನೀರು ಬಿಟ್ಟು ಅದರ ಮುಂದೆ ಕೂತಿದ್ದೋಳು ನನ್ನ ಮಗಳು. ಅಯ್ಯೋ ನಾ ತಲ್ಲೀ... ಅವಳಿಗ್ಯಾಕೆ ಒಂದು ಮಾತು ಹೇಳ್ಲಿಲ್ಲ ಆ ಮಿಷನ್ನು?"

ಕಮರುನ್ನೀಸಾ ತಲೆ ಎತ್ತಿ ನನ್ನನ್ನು ನೋಡಿದರು. ನಡೆದದ್ದು ನಮ್ಮಿಬ್ಬರಿಗೂ ಗೊತ್ತಿತ್ತು. ಅವರು ಕಣ್ಣು ಕೆಳಗೆ ಹಾಕಿ ಮುನಿಯಮ್ಮನವರ ಕೈ ಹಿಡಿದುಕೊಂಡರು.

"ಹಳೇ ಮಿಷನ್ನಮ್ಮಾ" ಎಂದೆ. "ಅದಕ್ಕೆ ಗೊತ್ತಾಗ್ಲಿಲ್ಲ."

"ಅದರ ಕಣ್ಣು ಹಿಂಗಿಹೋಗ!" ಎಂದು ಮುನಿಯಮ್ಮ ಬೀದಿಯ ಕಡೆ ಮಣ್ಣು ತೂರಿದರು.

"ಹೌದಮ್ಮಾ" ಎಂದೆ.